ಕಾಳಿ ದಂಡೆಯ ವರ್ಗಸಮೀಕರಣ

ಹತ್ತನೇ ತರಗತಿಯ ಗಣಿತದಲ್ಲಿ ದೋಣಿಯ ಲೆಕ್ಕ ಬರುತ್ತದೆ, ದೀಪಸ್ತಂಭದ ಲೆಕ್ಕವೂ ಬರುತ್ತದೆ. ಬಯಲುಸೀಮೆಯ ಮಕ್ಕಳು ಇವೆರಡನ್ನೂ ಊಹಿಸಿಕೊಂಡೇ ಬಿಡಿಸಬೇಕು. ಕಾರವಾರ, ಅಂಕೋಲೆಯ ಮಕ್ಕಳಿಗೆ ಆ ಕಷ್ಟವಿಲ್ಲ. ಒಂದು ಕಡೆ ಕಾಳಿ, ಇನ್ನೊಂದು ಕಡೆ ಗಂಗಾವಳಿ. ಕಾರವಾರದ ಎದುರಿಗೆ ಸಮುದ್ರದಲ್ಲಿ ದೇವಗಡ ದ್ವೀಪದ ದೀಪಸ್ತಂಭ. ಆದರೂ ಪರೀಕ್ಷೆ ಹತ್ತಿರ ಬಂತೆಂದರೆ ಇಲ್ಲಿಯೂ ‘ಪಾಸಿಂಗ್ ಪ್ಯಾಕೇಜ್’ ಹಿಡಿದು ಸೂತ್ರ ಉರುಹೊಡೆಯುವುದೇ ನಡೆಯುತ್ತದೆ. ಕಣ್ಣೆದುರಿನ ನೀರನ್ನು ಬಿಟ್ಟು ಹೀಗೆ ಓದಿಸುವುದು ದೊಡ್ಡ ನಷ್ಟ.

ಒಂದು ಲೆಕ್ಕ ನೋಡಿ. ನಿಂತ ನೀರಿನಲ್ಲಿ ಗಂಟೆಗೆ 12 ಕಿ.ಮೀ. ಹೋಗುವ ದೋಣಿ, ಹೊಳೆಯಲ್ಲಿ 16 ಕಿ.ಮೀ. ಮೇಲಕ್ಕೆ ಹೋಗಲು, ಅಷ್ಟೇ ದೂರ ಕೆಳಕ್ಕೆ ಬರುವುದಕ್ಕಿಂತ ಒಂದು ಗಂಟೆ ಹೆಚ್ಚು ತೆಗೆದುಕೊಳ್ಳುತ್ತದೆ. ಹರಿವಿನ ವೇಗ ಎಷ್ಟು? ಅದನ್ನು ‘ಕ್ಷ’ ಎನ್ನೋಣ. ಎದುರು ಹೋಗುವಾಗ ವೇಗ 12ರಲ್ಲಿ ಕ್ಷ ಕಳೆದಷ್ಟು, ಇಳಿಯುವಾಗ 12ಕ್ಕೆ ಕ್ಷ ಕೂಡಿದಷ್ಟು. ಎರಡು ಸಮಯಗಳ ವ್ಯತ್ಯಾಸವನ್ನು ಒಂದು ಗಂಟೆಗೆ ಸಮ ಮಾಡಿದರೆ ವರ್ಗಸಮೀಕರಣ ಸಿಗುತ್ತದೆ: ಕ್ಷ² + 32ಕ್ಷ − 144 = 0. ಮೂಲಗಳು 4 ಮತ್ತು −36. ಉತ್ತರ ಗಂಟೆಗೆ 4 ಕಿ.ಮೀ.

‘ವೇಗ ಋಣವಾಗದು, ಆದ್ದರಿಂದ −36 ಬಿಡಿ’ ಎಂದು ಹೇಳಿ ಮುಂದಿನ ಲೆಕ್ಕಕ್ಕೆ ಹೋಗುವುದು ರೂಢಿ. ಅಳಿವೆಯ ಪಕ್ಕದಲ್ಲಿ ಬೆಳೆದ ಹುಡುಗಿ ಇದನ್ನು ಸುಮ್ಮನೆ ಒಪ್ಪಬಾರದು. ಭರತದ ಹೊತ್ತಿಗೆ ನೀರು ಸಮುದ್ರದಿಂದ ಹೊಳೆಯೊಳಗೆ ನುಗ್ಗುತ್ತದೆ, ಇಳಿತದಲ್ಲಿ ಮತ್ತೆ ಸಮುದ್ರಕ್ಕೆ ಹೋಗುತ್ತದೆ. ಋಣ ಚಿಹ್ನೆ ಹೇಳುವುದು ಅದನ್ನೇ: ಹರಿವು ತಿರುಗಿದೆ. ಹಾಗಾದರೆ −36 ಏಕೆ ಬೇಡ? ಹಾಕಿ ನೋಡಿ. ಮೇಲಕ್ಕೆ ಹೋಗಲು 20 ನಿಮಿಷ ಬರುತ್ತದೆ, ಕೆಳಕ್ಕೆ ಬರಲು −40 ನಿಮಿಷ! ವ್ಯತ್ಯಾಸವೇನೋ ಸರಿಯಾಗಿ ಒಂದು ಗಂಟೆಯೇ. ಆದರೆ ಗಂಟೆಗೆ 36 ಕಿ.ಮೀ. ವೇಗದಲ್ಲಿ ನುಗ್ಗುವ ನೀರಿನ ಎದುರು 12ರ ದೋಣಿ ಕೆಳಕ್ಕೆ ಬರುವುದೇ ಇಲ್ಲ. ಬೀಜಗಣಿತ ತಪ್ಪಿಲ್ಲ, ದೋಣಿಗೆ ಶಕ್ತಿ ಸಾಲದು. ಇಷ್ಟನ್ನು ಐದು ನಿಮಿಷ ಮಾತಾಡಿದರೆ ಮಕ್ಕಳಿಗೆ ಮೂಲಗಳನ್ನು ಪರೀಕ್ಷಿಸುವುದು ಏಕೆಂದು ತಿಳಿಯುತ್ತದೆ.

ರೇಖಾಗಣಿತದಲ್ಲಿ ಎಡವುವುದು ಚಿತ್ರದಲ್ಲೇ. ದೀಪಸ್ತಂಭದ ದೀಪ ಸಮುದ್ರಮಟ್ಟದಿಂದ 60 ಮೀಟರ್ ಮೇಲಿದೆ, ಒಂದರ ಹಿಂದೆ ಒಂದಿರುವ ಎರಡು ದೋಣಿಗಳ ಅವನತ ಕೋನ 45°, 30° ಎಂದುಕೊಳ್ಳೋಣ. ಬಹಳಷ್ಟು ಮಕ್ಕಳು ಈ ಕೋನವನ್ನು ಕಂಬಕ್ಕೂ ನೋಟದ ಗೆರೆಗೂ ನಡುವೆ ಬರೆದುಬಿಡುತ್ತಾರೆ. ಅಲ್ಲಿಗೆ ಲೆಕ್ಕ ಕೆಟ್ಟಿತು. ಅವನತ ಕೋನ ಅಳೆಯುವುದು ಕಣ್ಣಿನ ಮಟ್ಟದ ಅಡ್ಡಗೆರೆಯಿಂದ. ಆ ಗೆರೆ ನೀರಿಗೆ ಸಮಾಂತರ. ಹಾಗಾಗಿ ಪರ್ಯಾಯ ಕೋನವಾಗಿ ಅದೇ ಅಳತೆ ಕೆಳಗೆ ದೋಣಿಯ ಹತ್ತಿರ ಸಿಗುತ್ತದೆ. ಆಮೇಲೆ ಎಲ್ಲ ಸಲೀಸು: ಹತ್ತಿರದ ದೋಣಿ 60 ಮೀಟರ್, ದೂರದ್ದು 60√3, ಅಂದರೆ ಸುಮಾರು 104 ಮೀಟರ್ ದೂರದಲ್ಲಿದೆ. ನಡುವಿನ ಅಂತರ ಸುಮಾರು 44 ಮೀಟರ್.

ಬದುಕಿನ ಲೆಕ್ಕವನ್ನೇ ಗಣಿತವಾಗಿಸುವುದು ಕನ್ನಡಕ್ಕೆ ಹೊಸತಲ್ಲ. 12ನೇ ಶತಮಾನದಲ್ಲೇ ರಾಜಾದಿತ್ಯ ‘ವ್ಯವಹಾರಗಣಿತ’, ‘ಕ್ಷೇತ್ರಗಣಿತ’ಗಳನ್ನು ಕನ್ನಡದಲ್ಲಿ ಬರೆದ. ಅಂಕೋಲೆಗಂತೂ ಇನ್ನೊಂದು ನಂಟಿದೆ. ದಿನಕರ ದೇಸಾಯಿಯವರ ಕೆನರಾ ವೆಲ್‌ಫೇರ್ ಟ್ರಸ್ಟ್ 1966ರಲ್ಲಿ ಇಲ್ಲಿ ಕಟ್ಟಿದ ಕಾಲೇಜಿಗೆ ಗೋಪಾಲಕೃಷ್ಣ ಗೋಖಲೆಯವರ ಹೆಸರು. ಗೋಖಲೆ ಪುಣೆಯಲ್ಲಿ ಗಣಿತ ಕಲಿಸಿದವರು, ಶಾಲಾ ಮಕ್ಕಳಿಗೆ ಅಂಕಗಣಿತದ ಪಠ್ಯಪುಸ್ತಕ ಬರೆದವರು. ಅವರ ಹೆಸರು ಹೊತ್ತ ಕಾಲೇಜಿರುವ ಊರಿನಲ್ಲಿ ಗಣಿತವೆಂದರೆ ಹೆದರುವ ಮಗು ಇರಬಾರದು.

ಮಾಸ್ತರರಲ್ಲಿ ಒಂದು ಕೋರಿಕೆ. ತ್ರಿಕೋನಮಿತಿ ಶುರು ಮಾಡುವ ಮೊದಲು ಒಂದು ಸಂಜೆ ಮಕ್ಕಳನ್ನು ಕಡಲತೀರಕ್ಕೆ ಕರೆದುಕೊಂಡು ಹೋಗಿ. ಒಂದು ಮೀಟರ್ ಕೋಲಿನ ನೆರಳನ್ನೂ ತೆಂಗಿನಮರದ ನೆರಳನ್ನೂ ಒಂದೇ ಹೊತ್ತಿಗೆ ಅಳೆಸಿ, ಸಮರೂಪ ತ್ರಿಭುಜದಿಂದ ಮರದ ಎತ್ತರ ಅವರೇ ಕಂಡುಹಿಡಿಯಲಿ. ಪಾಲಕರೇ, ಮಗು ಲೆಕ್ಕ ಬಿಡಿಸುವಾಗ ಉತ್ತರ ಕೇಳುವ ಮೊದಲು ಚಿತ್ರ ತೋರಿಸಲು ಹೇಳಿ.