ನೆತ್ತಿಯ ಮೇಲೆ ಆನೆ ಹೊತ್ತ ಕಂಬಗಳು

ಕೆ.ಆರ್. ಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಹುಣಸೇಶ್ವರ ಗುಡಿಯ ಮುಂದೆ ನಿಂತು ಕತ್ತೆತ್ತಬೇಕು. ಕಂಬದ ನೆತ್ತಿಯ ಮೇಲೊಂದು ಕಲ್ಲಾನೆ. ಬೆನ್ನ ಮೇಲೆ ಸವಾರರು, ಎದುರಿಗೆ ಗರುಡ. ವಿಷ್ಣು ದೇವಾಲಯದ ಗರುಡಗಂಬವಿರಬೇಕು ಎಂದುಕೊಂಡರೆ, ಪಕ್ಕದಲ್ಲಿರುವುದು ಈಶ್ವರನ ಗುಡಿ! ಇಂಥ ಕಂಬಗಳನ್ನು ನಿಲ್ಲಿಸಿದ್ದು ದೇವರಿಗಲ್ಲ, ದೊರೆಯ ಹಿಂದೆಯೇ ಪ್ರಾಣ ಬಿಟ್ಟ ಬಂಟರಿಗೆ.

ಹೊಯ್ಸಳರ ಕಾಲದಲ್ಲಿ ‘ಗರುಡ’ನೆಂದರೆ ಅರಸನ ಜೊತೆ ಬದುಕಿ ಜೊತೆಯಲ್ಲೇ ಸಾಯುವ ಭಾಷೆ ಕೊಟ್ಟವನು. ವೀರಗಲ್ಲಿನ ವೀರ ಹಗೆಯ ಕೈಯಲ್ಲಿ ಸಾಯುತ್ತಾನೆ. ಗರುಡನಿಗೆ ಯುದ್ಧವೇ ಬೇಕಿಲ್ಲ. ದೊರೆ ಹಾಸಿಗೆ ಹಿಡಿದು ಸತ್ತರೂ ಇವನು ತನ್ನ ಕತ್ತು ಕೊಡಬೇಕು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕಂಬದಲ್ಲಿ ಇದು ಕಣ್ಣಿಗೇ ಕಟ್ಟುತ್ತದೆ: ಕತ್ತಿ ಹಿಡಿದವರು ತಲೆ ಕತ್ತರಿಸಿಕೊಳ್ಳುತ್ತಿದ್ದಾರೆ. ಅದು ಇಮ್ಮಡಿ ವೀರಬಲ್ಲಾಳನ ಗರುಡ ಕುವರಲಕ್ಷ್ಮನ ನೆನಪಿನ ಕಂಬ.

ಬಾಚಹಳ್ಳಿಯದು ಒಬ್ಬನ ಕತೆಯಲ್ಲ, ಒಂದು ಮನೆತನದ್ದು. ಅಲ್ಲಿನ 13ನೇ ಶತಮಾನದ ಶಾಸನ ಹೊಯ್ಸಳ ಅರಸ ಎರೆಯಂಗನ ಕಾಲದ ಗಂಡನಾರಾಯಣ ಸೆಟ್ಟಿಯಿಂದ ಹಿಡಿದು ಸೋಮೇಶ್ವರನ ಕಾಲದ ಕನ್ನೆಯ ನಾಯಕನವರೆಗೆ ಹೆಸರು ಹೇಳಿಕೊಂಡು ಬರುತ್ತದೆ. ಪಟ್ಟಕ್ಕೆ ಹೊಸ ಅರಸ ಬಂದಂತೆ ಈ ಮನೆಯಿಂದ ಹೊಸ ಗರುಡ. ಕನ್ನೆಯ ನಾಯಕನ ಜೊತೆ ಹೆಂಡಿರೂ ದಾಸಿಯರೂ ಆಳುಗಳೂ ಹೋದರು. ನಾಯಕ ಭಾಷೆ ಕೊಟ್ಟಿದ್ದ, ಸರಿ. ಆ ದಾಸಿಯರನ್ನು ಕೇಳಿದವರು ಯಾರು?

ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಗೆ ಹೋದರೆ ಮನಸ್ಸು ಕೊಂಚ ಹಗುರಾಗುತ್ತದೆ, ಅಲ್ಲಿನ ಕಂಬ ಸಾವಿನ ನೆನಪಿನದ್ದಲ್ಲ. ಗಂಗರ ಕಾಲದ ಪಂಚಕೂಟ ಬಸದಿಯ ಮುಂದಿನ ಎತ್ತರದ ಕಂಬದ ತುದಿಯಲ್ಲಿ ಬ್ರಹ್ಮದೇವ ಕೂತಿದ್ದಾನೆ. ಊರಿಗೆ ಹೆಸರು ಬಂದದ್ದೇ ಈ ಕಂಬದಿಂದ. ದೂರದ ವೇಲ್ಸ್‌ನಲ್ಲೂ ಟ್ರೆಲೆಕ್ ಎಂಬ ಹಳ್ಳಿಯಿದೆ. ಕಂಚಿನ ಯುಗದವರು ನೆಟ್ಟ, ಈಗ ವಾಲಿಕೊಂಡಿರುವ ಮೂರು ಕಲ್ಲುಗಳಿಂದಲೇ ಆ ಹೆಸರು ಬಂತೆನ್ನುತ್ತಾರೆ. ಅವುಗಳ ಮೇಲೆ ಅಕ್ಷರವಿಲ್ಲ. ಹಾಗಾಗಿ ದೈತ್ಯನೊಬ್ಬ ಬೆಟ್ಟದಿಂದ ಎಸೆದ ಕಲ್ಲುಗಳಿವು ಎಂದು ಜನ ಕತೆ ಕಟ್ಟಿದರು. ಪಾಂಡವಪುರದವರಿಗೆ ಇದೇನೂ ಹೊಸದಲ್ಲ. ಅಲ್ಲಿನ ಹೆಬ್ಬಂಡೆಗಳ ಬೆಟ್ಟ ಕುಂತಿಯ ಹೆಸರು ಹೊತ್ತಿದೆ, ವನವಾಸದ ಪಾಂಡವರು ಇಲ್ಲೇ ಇದ್ದರೆಂಬ ಮಾತು ಊರೆಲ್ಲ ಇದೆ.

ಅದೇ ಪಾಂಡವಪುರದ ಕಡೆ ಇನ್ನೊಂದು ಕಲ್ಲಿನ ಕಂಬವೂ ಉಂಟು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಜೋಸಯ್ಯ ವೆಬ್ 1804ರಲ್ಲಿ ತೀರಿಕೊಂಡ. ಅವನ ನೆನಪಿಗೆ ಅದನ್ನು ನಿಲ್ಲಿಸಿದವರು ದಿವಾನ್ ಪೂರ್ಣಯ್ಯ. ಮೇಲಕ್ಕೆ ಹೋದಂತೆ ಸಣ್ಣಗಾಗುವ ನೆಟ್ಟನೆಯ ಕಂಬ. ಅದರ ತುದಿಯಲ್ಲಿ ಆನೆಯೂ ಇಲ್ಲ, ಗರುಡನೂ ಇಲ್ಲ.