ಪದ ಕಲಿತರೆ ಸಾಲದು, ವಾಕ್ಯ ಕಟ್ಟಬೇಕು

ಗಡಿನಾಡು ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಲ್ಲಿ ಒಂದು ವಿಷಯವನ್ನು ನಾವು ಗಮನಿಸಿದ್ದೇವೆ. ಇಂಗ್ಲಿಷ್ ಪದಗಳ ಅರ್ಥವನ್ನು ಬಾಯಿಪಾಠ ಒಪ್ಪಿಸುತ್ತಾರೆ. ಅದೇ ಪದವನ್ನು ಬಳಸಿ ಒಂದು ವಾಕ್ಯ ಹೇಳೆಂದರೆ ತಲೆ ತಗ್ಗಿಸುತ್ತಾರೆ. ಕಾಲೇಜಿಗೆ ಹೋದಾಗ ಈ ಅಂಜಿಕೆಯೇ ಅವರನ್ನು ಹಿಂದಿನ ಬೆಂಚಿಗೆ ತಳ್ಳುತ್ತದೆ. ಮಕ್ಕಳ ಬುದ್ಧಿಗೆ ಕೊರತೆಯಿಲ್ಲ; ಕಲಿಕೆ ಅರ್ಧಕ್ಕೆ ನಿಂತಿದೆ.

'ಬಾರೋ', 'ಲೆಂಡ್' ಎಂಬ ಪದಗಳನ್ನೇ ನೋಡೋಣ. ಎರಡಕ್ಕೂ 'ಸಾಲ' ಎಂದಷ್ಟೇ ಬರೆದುಕೊಂಡರೆ ಗೊಂದಲ ತಪ್ಪದು. ಬಾರೋ ಎಂದರೆ ಹಿಂದಿರುಗಿಸುವ ಮಾತಿನ ಮೇಲೆ ಪಡೆಯುವುದು. ಲೆಂಡ್ ಎಂದರೆ ಹಾಗೆ ಕೊಡುವುದು. 'ಐ ಬಾರೋಡ್ ಎ ಪೆನ್ ಫ್ರಮ್ ಮೇರಿ', 'ಮೇರಿ ಲೆಂಟ್ ಮಿ ಎ ಪೆನ್.' ಪೆನ್ನು ಒಂದೇ, ಕೈಗಳು ಬೇರೆ. ವಾಕ್ಯದೊಡನೆ ಕಲಿತರೆ 'ಫ್ರಮ್' ಕೂಡ ನೆನಪಿನಲ್ಲಿ ಉಳಿಯುತ್ತದೆ.

ಈ ಕ್ರಮ ಹೊಸದೇನಲ್ಲ. ರೆವರೆಂಡ್ ಕಿಟ್ಟೆಲರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅದರಲ್ಲಿ ಅರ್ಥದ ಜೊತೆಗೆ ಕಾವ್ಯದ ಪ್ರಯೋಗಗಳೂ ಗಾದೆಗಳೂ ಇವೆ. ಪರಭಾಷೆಯನ್ನು ಕಲಿತ ಆ ವಿದ್ವಾಂಸರು ಹಿಡಿದ ದಾರಿ ನಮ್ಮ ಮಕ್ಕಳಿಗೂ ಒಪ್ಪುತ್ತದೆ.

ದಿನಕ್ಕೆ 5 ಪದ ಸಾಕು. ನೋಟ್ ಪುಸ್ತಕದಲ್ಲಿ ಪದ, ಅರ್ಥ, ಸ್ವಂತ ವಾಕ್ಯ ಮೂರನ್ನೂ ಬರೆಯಲಿ. ವಾಕ್ಯ ಮನೆಯದ್ದೋ ತೋಟದ್ದೋ ಬಸ್ಸಿನದ್ದೋ ಆಗಿರಲಿ. ವಾರದ ಕೊನೆಗೆ ಅರ್ಥವನ್ನು ಮುಚ್ಚಿ ಪರೀಕ್ಷಿಸಿಕೊಳ್ಳಲಿ.

ಇಂಗ್ಲಿಷ್ ಬಾರದ ಹೆತ್ತವರೇ, ನೀವೂ ನೆರವಾಗಬಹುದು. ರಾತ್ರಿ ಊಟಕ್ಕೆ ಮೊದಲು, "ಮಗಾ, ಇವತ್ತಿನ ವಾಕ್ಯ ಓದು, ಅದು ಏನೆಂದು ನನಗೆ ಕನ್ನಡದಲ್ಲಿ ಹೇಳು" ಎನ್ನಿ. ನಿಮಗೆ ತಿಳಿಯುವಂತೆ ಹೇಳಿದರೆ ಆ ಪದ ಮಗುವಿಗೆ ದಕ್ಕಿತೆಂದೇ ತಿಳಿಯಿರಿ.