ಪೊರೆ ಕಳಚುವ ಎಳೆಯ ಟರಾಂಟುಲಾ ಜೇಡದ ಪಾಲನೆ

ಮೆಕ್ಸಿಕೋದ ಕೆಂಪು ಮೊಣಕಾಲಿನ ಟರಾಂಟುಲಾ ಜೇಡವನ್ನು ಸಾಕುವವರು, ಎಳೆಯ ಜೇಡವು ಅಂಗಾತ ಬಿದ್ದಿರುವುದನ್ನು ಕಂಡು ಸತ್ತಿತೆಂದು ಎಸೆದುಬಿಡುವುದುಂಟು. ವಾಸ್ತವವಾಗಿ ಅದು ಪೊರೆ ಕಳಚುತ್ತಿರುತ್ತದೆ. ಸತ್ತ ಜೇಡವು ಸಾಮಾನ್ಯವಾಗಿ ಬೋರಲಾಗಿದ್ದು, ಕಾಲುಗಳು ಒಡಲಡಿಗೆ ಮುದುಡಿರುತ್ತವೆ. ಜೇಡದ ಕಾಲಿನ ಮುಖ್ಯ ಕೀಲುಗಳಲ್ಲಿ ಮಡಿಸುವ ಸ್ನಾಯುಗಳಿವೆಯೇ ಹೊರತು ಚಾಚುವ ಸ್ನಾಯುಗಳಿಲ್ಲ. ಚಾಚುವ ಕಾರ್ಯ ರಕ್ತದ ಒತ್ತಡದಿಂದ ನಡೆಯುತ್ತದೆ. ಪ್ರಾಣ ಹೋದರೆ ಒತ್ತಡವಿಳಿದು ಕಾಲುಗಳು ತಾವಾಗಿ ಮುದುಡುತ್ತವೆ.

ಪೊರೆ ಕಳಚುವುದಕ್ಕೂ ಈ ಒತ್ತಡವೇ ಸಾಧನ. ಉದರದ ರಕ್ತವು ಮುಂಭಾಗಕ್ಕೆ ನುಗ್ಗಿದಾಗ ಅಲ್ಲಿನ ಹಳೆಯ ಕವಚವು ಅಂಚಿನಲ್ಲಿ ಬಿರಿದು ಮುಚ್ಚಳದಂತೆ ತೆರೆಯುತ್ತದೆ. ಬಳಿಕ ಎಂಟು ಕಾಲುಗಳೂ ಹಳೆಯ ಒರೆಯಿಂದ ಮೆಲ್ಲಮೆಲ್ಲನೆ ಈಚೆ ಬರುತ್ತವೆ. ಕೋರೆಗಳ ಹೊದಿಕೆಯಷ್ಟೇ ಅಲ್ಲ, ಹೀರುವ ಜಠರದ ಒಳಪದರವೂ ಕಳಚಿ ಬರುವುದು ನಮಗೆ ಇಂದಿಗೂ ಸೋಜಿಗವೆನಿಸುತ್ತದೆ. ಈ ಹೊತ್ತಿನಲ್ಲಿ ನೆರವಾಗಲೆಂದು ಪೊರೆಯನ್ನು ಎಳೆದರೆ ಮೃದುವಾದ ಕಾಲು ಹರಿದೀತು, ರಕ್ತ ಸೋರಿ ಜೀವವೇ ಹೋದೀತು. ಮುಟ್ಟದಿರುವುದೇ ಮುಖ್ಯ ಪಾಲನೆಯೆಂದು ನಾವು ಒತ್ತಿ ಹೇಳುತ್ತೇವೆ.

ಮಾಡತಕ್ಕದ್ದೆಲ್ಲ ಮೊದಲೇ ಮುಗಿದಿರಬೇಕು. ಜೇಡವು ಆಹಾರ ಬಿಟ್ಟು ಉದರ ಕಪ್ಪಡರಿದೊಡನೆ, ಗೂಡಿನಲ್ಲಿ ಉಳಿದ ಜೀವಂತ ಕೀಟಗಳನ್ನು ತೆಗೆಯತಕ್ಕದ್ದು. ಬೇಟೆಯೇ ಬೇಟೆಗಾರನನ್ನು ಕಚ್ಚಿ ಕೊಂದ ನಿದರ್ಶನಗಳುಂಟು. ಕುಡಿಯುವ ನೀರು ಮಾತ್ರ ಸದಾ ಇರಲಿ. ಹೊಸ ಕೋರೆಗಳು ಮೊದಲು ಬೆಳ್ಳಗಿದ್ದು, ಕೆಂಪಾಗಿ, ಕೊನೆಗೆ ಕಪ್ಪಾಗುತ್ತವೆ. ಕಪ್ಪಾಗುವವರೆಗೆ ಉಣಿಸಬಾರದು, ಎಳೆಯ ಜೇಡಕ್ಕೆ ಸಾಮಾನ್ಯವಾಗಿ ಒಂದು ವಾರದ ಕಾಯುವಿಕೆ ಸಾಕು.

ಕಳಚಿದ ಪೊರೆಯನ್ನು ಎಸೆಯದೆ, ನೀರಿನಲ್ಲಿ ನೆನೆಸಿ ಹರಡಿ ಮಸೂರದಡಿ ನೋಡಬೇಕು. ತಕ್ಕಷ್ಟು ಬೆಳೆದ ಜೇಡದ ಪೊರೆಯಾದರೆ, ಹೆಣ್ಣಿನ ವೀರ್ಯಕೋಶದ ಒಳಪದರವು ಅದರಲ್ಲಿಯೇ ಕಾಣಸಿಗುತ್ತದೆ. ಜೀವಿಯನ್ನು ಮುಟ್ಟದೆಯೇ ಲಿಂಗನಿರ್ಣಯ ಸಾಧ್ಯವಾಗುತ್ತದೆ.